ಮೈಗೆಲ್ಲ ಬೇಡ, ಕಿಡ್ನಿಗಷ್ಟೇ ಮದ್ದು

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಟ್ಯಾಕ್ರೋಲಿಮಸ್ ಮಾತ್ರೆ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ. ರಕ್ತದಲ್ಲಿ ಮದ್ದಿನ ಮಟ್ಟ ನೋಡಿಸುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಅನಂತಪುರ ಸೀಮೆಯ ಮಡಕಶಿರಾದಿಂದ ಬೆಂಗಳೂರಿಗೋ ರಾಯದುರ್ಗದಿಂದ ಬಳ್ಳಾರಿಗೋ ದೊಡ್ಡ ಆಸ್ಪತ್ರೆಗೆಂದು ಹೊರಟವರು ಆ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡೇ ಮುಂಜಾನೆಯ ಬಸ್ಸು ಹತ್ತಬೇಕು. ಆಪರೇಷನ್ ಒಂದು ದಿನದ್ದು; ಮಾತ್ರೆ, ಆ ಕಿಡ್ನಿ ಕೆಲಸ ಮಾಡುವಷ್ಟು ಕಾಲದ್ದು.

1954ರಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರೆ ಕಿಡ್ನಿ ಕಸಿಯಲ್ಲಿ ಗೆದ್ದದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರ ಮೈಯಲ್ಲಿ ಟಿ ಕಣಗಳೆಂಬ ಬಿಳಿ ರಕ್ತಕಣಗಳು ಹೊಸ ಅಂಗವನ್ನು ಹೊರಗಿನದೆಂದು ಗುರುತಿಸಿ ಮೇಲೆರಗುತ್ತವೆ. ಮಾತ್ರೆ ಅವನ್ನು ತಡೆಯುತ್ತದೆ, ಜೊತೆಗೆ ಇಡೀ ಮೈಯ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಸೋಂಕು ಬೇಗ ತಗಲುತ್ತದೆ. ಸಂಕಟದ ಮಾತೆಂದರೆ, ಟ್ಯಾಕ್ರೋಲಿಮಸ್ ಹೆಚ್ಚಾದರೆ ಕಿಡ್ನಿಗೇ ಪೆಟ್ಟು.

ಹಾಗಾದರೆ ಅಂಗಕ್ಕೆ ಮಾತ್ರ ಮದ್ದು ಕೊಡಬಹುದೇ? ಕಿಡ್ನಿ ಒಬ್ಬರಿಂದ ಹೊರಬಂದು ಇನ್ನೊಬ್ಬರನ್ನು ಸೇರುವ ನಡುವೆ ಕೆಲವು ಗಂಟೆ ಸಿಗುತ್ತವೆ. ಆಗ ಅದನ್ನು ಮಂಜುಗಡ್ಡೆಯಲ್ಲಿಡುವುದು ರೂಢಿ. ಪರ್ಫ್ಯೂಷನ್ ಯಂತ್ರ ಇನ್ನೊಂದು ದಾರಿ. ಪಂಪು, ಆಮ್ಲಜನಕ ಬೆರೆಸುವ ಭಾಗ, ಬಿಸಿ ಕಾಯುವ ಭಾಗ. ಕೆಂಪು ರಕ್ತಕಣಗಳ ದ್ರವ ಮೈಯ ಬಿಸಿಯಲ್ಲೇ ಕಿಡ್ನಿಯೊಳಗೆ ಹರಿಯುತ್ತದೆ. ಬಟ್ಟಲಲ್ಲಿ ಒಂಟಿಯಾಗಿ ಕೂತ ಕಿಡ್ನಿ ಕೆಂಪೇರಿ, ನಳಿಕೆಯಲ್ಲಿ ಹನಿಹನಿಯಾಗಿ ಮೂತ್ರ ಸುರಿಸತೊಡಗುತ್ತದೆ!

ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು, ಕಸಿಗೆ ಯೋಗ್ಯವಲ್ಲವೆಂದು ಬಿಟ್ಟ ಮಾನವ ಕಿಡ್ನಿಗಳಿಗೆ ಹೀಗೆಯೇ, ಮದ್ದು ಹೊರಬಲ್ಲ ನ್ಯಾನೋಕಣಗಳನ್ನು ಹರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ತಲೆಗೂದಲಿನ ದಪ್ಪದಲ್ಲಿ ಇಂಥ ಕಣಗಳನ್ನು ನೂರಾರು ಸಾಲಾಗಿ ಜೋಡಿಸಬಹುದು. ಅವುಗಳ ಮೈಮೇಲೆ, ರಕ್ತನಾಳದ ಒಳಪದರದಲ್ಲಿರುವ ಸಿಡಿ31 ಪ್ರೋಟೀನನ್ನು ಹಿಡಿದುಕೊಳ್ಳುವ ಪ್ರತಿಕಾಯಗಳಿದ್ದವು. ಆ ಪದರವೇ ಏಕೆಂದರೆ, ಟಿ ಕಣಗಳು ಹೊಸ ಅಂಗವನ್ನು ಮೊದಲು ಮುಟ್ಟುವುದೇ ಅಲ್ಲಿ. ಪ್ರತಿಕಾಯವಿಲ್ಲದ ಕಣಗಳಿಗಿಂತ ಇವು ಹಲವು ಪಟ್ಟು ಹೆಚ್ಚಾಗಿ ಅಂಟಿಕೊಂಡವು. ಆದರೆ ಕಟ್ಟಿಕೊಂಡ ಕಿರುನಾಳಗಳಲ್ಲಿ ಕಣಗಳು ಸುಮ್ಮನೆ ಸಿಕ್ಕಿಬಿದ್ದವು. ಇದನ್ನು ಬಗೆಹರಿಸದೆ ಮುಂದೆ ಹೋಗುವಂತಿರಲಿಲ್ಲ.

ಅದೇ ವರ್ಷ ಯೇಲ್‌ನಲ್ಲಿ ಮತ್ತೊಂದು ಪ್ರಯೋಗ. ಮಾನವ ರಕ್ತನಾಳದ ತುಂಡಿಗೆ ನ್ಯಾನೋಕಣದ ಮೂಲಕ, ಪ್ರೋಟೀನು ತಯಾರಾಗದಂತೆ ತಡೆಯುವ ಕಿರು ಆರ್‌ಎನ್‌ಎ ಉಣಿಸಿ ಇಲಿಗೆ ಕಸಿ ಮಾಡಿದರು. ಟಿ ಕಣಗಳನ್ನು ಕೆರಳಿಸುವ ಗುರುತಿನ ಪ್ರೋಟೀನುಗಳು ಸುಮಾರು ಆರು ವಾರ ತಗ್ಗಿದ್ದವು. ಆಯುಷ್ಯದ ಮುಂದೆ ಆರು ವಾರ ಏನೂ ಅಲ್ಲ ಅನಿಸಬಹುದು. ಆದರೆ ಕಸಿಯಾದ ಹೊಸತರಲ್ಲೇ ದಾಳಿಯ ಭಯ ಜಾಸ್ತಿ, ಮದ್ದಿನ ಪ್ರಮಾಣವೂ ಆಗಲೇ ಜಾಸ್ತಿ. ಆಗ ಮದ್ದನ್ನು ಒಂದಿಷ್ಟು ಇಳಿಸಲು ಸಾಧ್ಯವೇ ಎಂಬುದನ್ನು ಇನ್ನು ಮನುಷ್ಯರಲ್ಲಿ ಪರೀಕ್ಷಿಸಿ ನೋಡಬೇಕು.