ತಿರುವುವ ಕೈ, ಎಣಿಸುವ ಯಂತ್ರ

ಕನ್ನಡ ಪಾಠ ಹೇಳುವವನಿಗೆ ಲೇತಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಸಂಬಂಧವುಂಟು, ಅದು ರಕ್ತಸಂಬಂಧ. ನನ್ನ ಚಿಕ್ಕಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಟರ್ನರ್ ಆಗಿದ್ದವರು. ನಿವೃತ್ತರಾದ ಮೇಲೆ ಹಳೆಯದೊಂದು ಸಣ್ಣ ಲೇತನ್ನು ಕೊಂಡು ಹಿತ್ತಲಿನ ತಗಡಿನ ಸೂರಿನಡಿ ಇರಿಸಿಕೊಂಡರು. ಕಳೆದ ಬೇಸಗೆಯಲ್ಲಿ ಅವರ ಮಗ, ಇಂಜಿನಿಯರಿಂಗ್ ಓದಿದವನು, ಅದನ್ನು ಕಂಪ್ಯೂಟರಿನ ಹಿಡಿತಕ್ಕೆ ಒಪ್ಪಿಸಲು ಹೊರಟ. ತಂದೆ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ರಜೆಗೆ ಹೋಗಿದ್ದ ನಾನು ಸಾಕ್ಷಿಯಾದೆ.

ಲೇತಿನಲ್ಲಿಯೂ ಕುಂಬಾರನ ತಿಗರಿಯಲ್ಲಿರುವಂತೆ ತಿರುಗುವುದು ವಸ್ತುವೇ. ಅದನ್ನು ಕೊರೆಯುವ ಉಳಿಯನ್ನು ಉದ್ದಕ್ಕೂ ಅಡ್ಡಕ್ಕೂ ಸರಿಸಲು ಎರಡು ತಿರುಪುಗಳಿವೆ; ಅವುಗಳ ಹಿಡಿ ಟರ್ನರನ ಕೈಯಲ್ಲಿ. ಆ ಹಿಡಿಗಳನ್ನು ಕಳಚಿ ಸ್ಟೆಪ್ಪರ್ ಮೋಟಾರುಗಳನ್ನು ಕೂರಿಸುವುದು ಹುಡುಗನ ಹಂಚಿಕೆ. ಈ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಸುತ್ತಿಗೆ 5 ಮಿಲಿಮೀಟರ್ ಸರಿಸುವ ತಿರುಪಾದರೆ ಹೆಜ್ಜೆಗೆ 0.025 ಮಿಲಿಮೀಟರ್. ಎಷ್ಟು ಹೆಜ್ಜೆ, ಎಷ್ಟು ವೇಗ ಎಂಬುದು ಕಂಪ್ಯೂಟರಿನ ಅಪ್ಪಣೆ.

1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಅಂಕಿಗಳ ಅಪ್ಪಣೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದಕ್ಕೆ ರಂಧ್ರ ಕೊರೆದ ಪಟ್ಟಿಯೂ ಬೀರುಗಟ್ಟಲೆ ವಿದ್ಯುತ್ ಸಲಕರಣೆಯೂ ಬೇಕಾಗಿದ್ದವು. ಇಂದು ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶ ಯಾರಿಗಾದರೂ ಪುಕ್ಕಟೆಯಾಗಿ ದೊರೆಯುತ್ತದೆ. ಹಿತ್ತಲಿನ ಸೂರಿಗೆ ಹಳೆಯ ಕಂಪ್ಯೂಟರೊಂದು ಸಾಕಾಯಿತು.

ಆದರೆ ಅಳತೆ ಕೂಡಿಬರಲಿಲ್ಲ. ಉಳಿಯನ್ನು ಮುಂದೆ ಒಯ್ದು ಹಿಂದಕ್ಕೆ ತಿರುಗಿಸಿದರೆ ಮೊದಲ ಕೆಲವು ಹೆಜ್ಜೆಗಳು ಗಾಳಿಯ ಪಾಲು. ತಿರುಪು ತಿರುಗುತ್ತಿತ್ತು, ಉಳಿ ಕದಲುತ್ತಿರಲಿಲ್ಲ.

‘ಪ್ಲೇ ಇದೆಯಪ್ಪಾ’ ಎಂದರು ಚಿಕ್ಕಪ್ಪ. (ಕನ್ನಡದಲ್ಲಿ ‘ಸಡಿಲು’ ಎನ್ನಬಹುದು, ಆದರೂ ಟರ್ನರುಗಳ ಮಾತೇ ಮೇಲು. ಆಟವೆಂಬ ಅರ್ಥವೂ ಅದರಲ್ಲಿ ಉಳಿದಿದೆ.) ‘ನಾನು ಒಂದಿಷ್ಟು ಹೆಚ್ಚಾಗಿಯೇ ಹಿಂದಕ್ಕೆ ತಂದು, ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬರುತ್ತಿದ್ದೆ.’

‘ಎಷ್ಟು ಹೆಚ್ಚಾಗಿ, ಅಪ್ಪಾ? ಅಂಕಿ ಹೇಳಿ.’

‘ಅಂಕಿ ನನಗೆ ಗೊತ್ತಿಲ್ಲ. ಕೈಗೆ ಗೊತ್ತು.’

ಡಯಲ್ ಗೇಜು ಇಟ್ಟು ನೋಡಿದರು. ಉದ್ದದ ತಿರುಪಿನಲ್ಲಿ ಚಕ್ಕಿನ ಹತ್ತಿರ ಸಡಿಲು ಹೆಚ್ಚು, ಆಚೆಯ ತುದಿಯಲ್ಲಿ ಕಡಿಮೆ. ಚಿಕ್ಕಪ್ಪನಿಗೆ ಅದೇನೂ ಸೋಜಿಗವಾಗಲಿಲ್ಲ: ‘ಕೆಲಸವೆಲ್ಲ ಚಕ್ಕಿನ ಪಕ್ಕದಲ್ಲಿ ತಾನೇ ನಡೆದದ್ದು!’ ಸವೆತಕ್ಕೆ ಸ್ಥಳಸ್ಥಳಕ್ಕೊಂದು ಅಂಕಿಯನ್ನು ಕಂಪ್ಯೂಟರಿಗೆ ಕೊಡಬಹುದಂತೆ. ಆದರೆ ಲೋಹವನ್ನು ಕಚ್ಚಿದ ಉಳಿ ಆ ಸಡಿಲಿನೊಳಗೇ ಜಗ್ಗಿಹೋಗುವುದನ್ನು ಯಾವ ಅಂಕಿಯೂ ತಡೆಯದು. ಕೊನೆಗೆ ಗುಂಡುಗಳ ಮೇಲೆ ಉರುಳುವ, ಸಡಿಲು ಅತ್ಯಲ್ಪವಾದ ಬಾಲ್ ಸ್ಕ್ರೂಗಳನ್ನು ತರಿಸಿದ. ಕಳಚಿದ ಹಳೆಯ ತಿರುಪುಗಳನ್ನು ಚಿಕ್ಕಪ್ಪ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಗೇರುಗಳ ಪೆಟ್ಟಿಗೆಯೂ ಅವುಗಳ ಹಿಂದೆಯೇ ಅಟ್ಟ ಸೇರಿತು. ಮರೆ ಕೊರೆಯುವಾಗ ಯಾವ ಗೇರಿಗೆ ಯಾವುದನ್ನು ಜೋಡಿಸಬೇಕೆಂಬ ಲೆಕ್ಕ ಅವರಿಗೆ ಮಗ್ಗಿಯಷ್ಟು ಬಾಯಿಪಾಠ. ಈಗ ವಸ್ತು ಎಷ್ಟು ತಿರುಗಿತೆಂಬುದನ್ನು ಎನ್‌ಕೋಡರ್ ಎಂಬ ಸಾಧನ ಹೇಳುತ್ತದೆ, 1.5 ಮಿಲಿಮೀಟರಿನ ಮರೆಯಾದರೆ ವಸ್ತುವಿನ ಸುತ್ತಿಗೆ ಉಳಿ 60 ಹೆಜ್ಜೆ ಸರಿಯುತ್ತದೆ.

ಚಿಕ್ಕಪ್ಪ ಹಟಹಿಡಿದದ್ದು ಒಂದಕ್ಕೇ. ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿ ತಮ್ಮ ಕೈಗೆಟುಕಬೇಕು. ಕಂಪ್ಯೂಟರಿನ ಅಪ್ಪಣೆಗೆ ಕಾಯದೆ ಅದು ಮೋಟಾರುಗಳ ವಿದ್ಯುತ್ತನ್ನೇ ಕಡಿಯಬೇಕು.

ಮೊದಲ ದಿನ ಲೋಹವಿಲ್ಲದೆ ಗಾಳಿಯಲ್ಲಿ ನಡೆಸಿದರು; ಎಲ್ಲವೂ ಸುಸೂತ್ರ. ಮರುದಿನ ಉಕ್ಕಿನ ಸರಳನ್ನು ಹಿಡಿಸಿದಾಗ ಉಳಿ ಆಳಕ್ಕಿಳಿದು ಸಿಕ್ಕಿಕೊಂಡಿತು. ಮೋಟಾರು ಮುಂದೆ ಹೋಗಲಾರದೆ ಗುರುಗುಟ್ಟಿತು. ಕಂಪ್ಯೂಟರಿಗೆ ಅದೊಂದೂ ತಿಳಿಯದು. ಪರದೆಯ ಮೇಲೆ ಅಂಕಿಗಳು ಏರುತ್ತಲೇ ಇದ್ದವು. ಹುಡುಗ ಪರದೆಯಿಂದ ತಲೆ ಎತ್ತುವಷ್ಟರಲ್ಲಿ ಚಿಕ್ಕಪ್ಪನ ಅಂಗೈ ಗುಂಡಿಯ ಮೇಲಿತ್ತು.

‘ನಿಮಗೆ ಹೇಗೆ ಗೊತ್ತಾಯಿತು?’ ಎಂದ.

‘ಸದ್ದು ಬದಲಾಯಿತಲ್ಲೋ.’

ಅಂದು ಸಂಜೆ ಅವನು ನೋಟುಬುಕ್ಕು ತಂದು ತಂದೆಯ ಮುಂದೆ ಕುಳಿತ. ಹಿತ್ತಾಳೆಗೆ ಎಷ್ಟು ಆಳ, ಉಕ್ಕಿಗೆ ಎಷ್ಟು, ಸರಳು ತೆಳ್ಳಗಿದ್ದರೆ ಎಷ್ಟು ಎಂದು ಕೇಳುತ್ತ ಹೋದ. ಚಿಕ್ಕಪ್ಪ ಕಣ್ಣು ಮುಚ್ಚಿ, ಇಲ್ಲದ ಹಿಡಿಯನ್ನು ಗಾಳಿಯಲ್ಲಿ ತಿರುವಿ ನೋಡಿ ಒಂದೊಂದಾಗಿ ಹೇಳಿದರು. ನಾನು ಊರಿಗೆ ಹೊರಡುವಾಗ ಮೂರನೆಯ ಪುಟ ನಡೆಯುತ್ತಿತ್ತು.