ಎದುರುಗಾಳಿಗೂ ಸಾಗುವ ಹಾಯಿದೋಣಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಕಡಲಿಲ್ಲ. ಆದರೂ ಹಲಸೂರು ಕೆರೆ ಹಾಯಿದೋಣಿಗಳನ್ನು ಕಂಡಿದೆ. ಕೆರೆಗೆ ಹೊಂದಿಕೊಂಡಂತೆಯೇ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು ಹಾಯಿ ಬಿಚ್ಚುವುದನ್ನೂ ಚುಕ್ಕಾಣಿ ಹಿಡಿಯುವುದನ್ನೂ ಇಲ್ಲಿ ಕಲಿಯುತ್ತಾರೆ. ಮುಂಗಾರಿನ ಪಡುವಣ ಗಾಳಿಗೆ ದೋಣಿ ಪೂರ್ವಕ್ಕೆ ಸಾಗುವುದರಲ್ಲಿ ಅಚ್ಚರಿಯಿಲ್ಲ. ಅದೇ ಗಾಳಿಯಲ್ಲಿ, ಹುಟ್ಟು ಹಾಕದೆ, ಎಂಜಿನ್ ಇಲ್ಲದೆ ಅದು ಪಶ್ಚಿಮದ ದಡಕ್ಕೆ ಮರಳಬಲ್ಲದು ಎಂಬುದೇ ಸೋಜಿಗ.

ಗಾಳಿ ತುಂಬಿದ ಹಾಯಿ ವಿಮಾನದ ರೆಕ್ಕೆಯ ಆಕಾರ ತಳೆಯುತ್ತದೆ. ಉಬ್ಬಿದ ಹೊರಮೈಯಲ್ಲಿ ಗಾಳಿ ವೇಗವಾಗಿ ಹರಿದು ಒತ್ತಡ ತಗ್ಗುತ್ತದೆ. ಒಳಮೈಯಲ್ಲಿ ಒತ್ತಡ ಹೆಚ್ಚಾಗಿ ಉಳಿಯುತ್ತದೆ. ಈ ವ್ಯತ್ಯಾಸದಿಂದ ಹುಟ್ಟುವ ಎತ್ತುಬಲ ದೋಣಿಯನ್ನು ಬಹುಪಾಲು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ನೂಕುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗೆ ಇಳಿಬಿಟ್ಟ ನಡುಹಲಗೆ. ಕಡಲಿನ ನೌಕೆಗಳಲ್ಲಿ ಆ ಕೆಲಸ ಭಾರವಾದ ಕೀಲ್‌ನದು. ಬೆರಳುಗಳ ನಡುವೆ ಅದುಮಿದ ಒದ್ದೆ ಹುಣಸೆ ಬೀಜ ಚಿಮ್ಮುವಂತೆ, ಗಾಳಿ ಮತ್ತು ನೀರಿನ ಒತ್ತಡಗಳ ನಡುವೆ ಸಿಕ್ಕ ದೋಣಿ ಮುಂದಕ್ಕೆ ನುಸುಳುತ್ತದೆ.

ಗಾಳಿಯ ಮುಖಕ್ಕೆ ನೇರವಾಗಿ ಮಾತ್ರ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ನಡೆಯಬೇಕು. ಪ್ರತಿ ತಿರುವಿನಲ್ಲೂ ಹಾಯಿ ಸಡಿಲಗೊಂಡು ಪಟಪಟನೆ ಬಡಿಯುತ್ತದೆ, ಅದರ ಬುಡದ ಅಡ್ಡದಂಡ ತಲೆಯ ಮೇಲಿಂದ ಹಾಯುತ್ತದೆ, ಹಗ್ಗ ಬಿಗಿಯುತ್ತಲೇ ಸದ್ದಡಗಿ ದೋಣಿ ಇನ್ನೊಂದು ಮಗ್ಗುಲಿಗೆ ವಾಲುತ್ತದೆ.

ಈ ವಿದ್ಯೆ ಕರಾವಳಿಗೆ ಇಳಿದಾಗ ಗಾಳಿಯ ದಿನಚರಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹಗಲಿನಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ಅಲ್ಲಿ ಬಿಸಿಗಾಳಿ ಮೇಲೇರಿದಂತೆ ಕಡಲಗಾಳಿ ಒಳನುಗ್ಗಿ ಮಧ್ಯಾಹ್ನ ಕಳೆದಂತೆ ಬಲಿಯುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ನಸುಕಿನವರೆಗೂ ನೆಲಗಾಳಿ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ಮುಂಗಾರು ಮುಗಿದ ಮೇಲಿನ ತಿಳಿ ತಿಂಗಳುಗಳಲ್ಲಿ ಸಣ್ಣ ನೌಕೆಯೊಂದರಲ್ಲಿ ಕಾರವಾರದಿಂದ ತೆಂಕಣಕ್ಕೆ ಹೊರಡುವ ದಂಪತಿಗೆ ಈ ಎರಡು ಗಾಳಿಗಳೇ ವೇಳಾಪಟ್ಟಿ. ಬೆಳಗಿನ ನೆಲಗಾಳಿಯಲ್ಲಿ ಲಂಗರೆತ್ತಿ, ಮಧ್ಯಾಹ್ನದ ವಾಯವ್ಯ ಗಾಳಿಯನ್ನು ಬೆನ್ನಿಗೆ ಪಡೆದು, ಸಂಜೆಗೆ ತದಡಿಯಂಥ ಅಳಿವೆಯಲ್ಲಿ ಆಸರೆ ಪಡೆಯಬಹುದು. 5 ನಾಟ್, ಎಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗದಲ್ಲಿ ಆರು ಗಂಟೆ ಸಾಗಿದರೆ ಸುಮಾರು 55 ಕಿಲೋಮೀಟರ್ ಹಿಂದೆ ಸರಿದಿರುತ್ತದೆ. ಒಬ್ಬರು ಚುಕ್ಕಾಣಿಗೆ, ಇನ್ನೊಬ್ಬರು ಹಾಯಿಯ ಹಗ್ಗಕ್ಕೆ ಇದ್ದರೆ ಸಾಕು.

ಇಬ್ಬರಿಂದ ಎಷ್ಟು ದೂರ ಸಾಧ್ಯ ಎಂಬುದನ್ನು ನೌಕಾಪಡೆಯ ದಿಲ್ನಾ ಮತ್ತು ರೂಪಾ ತೋರಿಸಿದ್ದಾರೆ: 'ತಾರಿಣಿ' ಎಂಬ 17 ಮೀಟರ್ ಉದ್ದದ ನೌಕೆಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ಅವರು ಭೂಮಿಯನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಅದಕ್ಕೂ ಮೊದಲು, 1985-87ರಲ್ಲಿ, ಹಾಯಿನೌಕೆಯಲ್ಲಿ ಭೂಮಿ ಸುತ್ತಿದ ಭಾರತದ ಮೊದಲ ತಂಡ 'ತೃಷ್ಣಾ'ದ್ದು; ಆ ಸಾಹಸ ಸೇನೆಯ ಎಂಜಿನಿಯರ್ ದಳದ್ದು, ಹಲಸೂರಿನ ಪಡೆ ಸೇರಿರುವುದೂ ಅದೇ ದಳಕ್ಕೆ. ಕೆರೆಯಲ್ಲಿ ಓರೆಗಾಳಿಯನ್ನು ಹಿಡಿಯುವ ನಿಯಮವೇ ಮಹಾಸಾಗರದಲ್ಲೂ ನಡೆಯುತ್ತದೆ. ಹಾಯಿಯ ವಿದ್ಯೆ ಕಲಿಸುವುದು ಗಾಳಿಯನ್ನು ಗೆಲ್ಲುವುದನ್ನಲ್ಲ, ಅದು ಕೊಡುವಷ್ಟರಲ್ಲೇ ಬೇಕಾದ ಕಡೆಗೆ ದಾರಿ ಮಾಡಿಕೊಳ್ಳುವುದನ್ನು.