ನರ್ಸಿಂಗ್ ಓದು: ಸಂಬಳ ಎಷ್ಟು, ಸಾಲ ಎಷ್ಟು?

ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಬೀದಿಯ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮೊಮ್ಮಗಳು ನರ್ಸಿಂಗ್ ಸೇರ್ತೀನಿ ಅಂತಾಳೆ. ಸೇರಿಸಬಹುದಾ? ಸಂಬಳ ಏನು ಬರುತ್ತೆ?" ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡಿದವನೆಂದು ನನ್ನನ್ನು ಕೇಳುತ್ತಾರೆ. ಧಾರಾಳವಾಗಿ ಸೇರಿಸಿ ಎನ್ನುತ್ತೇನೆ. ಆದರೆ ಒಂದೇ ಕೆಲಸಕ್ಕೆ ಒಂದೊಂದು ಕಡೆ ಒಂದೊಂದು ಸಂಬಳ. ಸಾಲ ಮಾಡುವ ಮುಂಚೆ ಲೆಕ್ಕ ಹಾಕಿ.

ಮಕ್ಕಳೇ, ಆಸ್ಪತ್ರೆಯಲ್ಲಿ ಬಿಳಿ ಉಡುಪು ತೊಟ್ಟವರೆಲ್ಲ ನರ್ಸ್ ಅಲ್ಲ. ಪಿಯುಸಿ ನಂತರ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಿಸಿ ಸಂಖ್ಯೆ ಪಡೆದವರೇ ನೋಂದಾಯಿತ ನರ್ಸ್. ಬಿ.ಎಸ್ಸಿ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿಎನ್‌ಎಂಗೆ ಕಲಾ ವಿಭಾಗದವರೂ ಸೇರಬಹುದು. ಹುಡುಗರಿಗೂ ಅವಕಾಶವಿದೆ. ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದರೆ ನೋಂದಣಿಯೇ ಸಿಗದು. ಹಾಗಾಗಿ ಶುಲ್ಕ ಕಟ್ಟುವ ಮೊದಲು ಕೌನ್ಸಿಲಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು ಹುಡುಕಿ.

ಈಗ ಸಂಬಳ. ದೆಹಲಿಯ ಏಮ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರದ ಸಂಸ್ಥೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗೆ 7ನೇ ವೇತನ ಆಯೋಗದಂತೆ ಆರಂಭದ ಮೂಲವೇತನವೇ 44,900 ರೂಪಾಯಿ. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಏಮ್ಸ್ ಸೇರಲು ನಾರ್ಸೆಟ್ ಎಂಬ ಪರೀಕ್ಷೆ ಬರೆಯಬೇಕು. ಸೇನೆಯ ನರ್ಸಿಂಗ್ ಸೇವೆಗೆ ಸೇರುವ ಹೆಣ್ಣುಮಕ್ಕಳು ಲೆಫ್ಟಿನೆಂಟ್ ದರ್ಜೆಯ ಅಧಿಕಾರಿಗಳಾಗುತ್ತಾರೆ.

ಖಾಸಗಿ ಆಸ್ಪತ್ರೆಗಳ ಮಾತೇ ಬೇರೆ. ಸುಪ್ರೀಂ ಕೋರ್ಟಿನ 2016ರ ಸೂಚನೆಯಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ಆಸ್ಪತ್ರೆಗಳೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಎಲ್ಲ ಕಡೆ ಅದು ಜಾರಿಯಾಗಿಲ್ಲ. ಆದರೂ ಸಂದರ್ಶನಕ್ಕೆ ಹೋಗುವ ಮಗುವಿಗೆ ಈ ಅಂಕಿ ಗೊತ್ತಿರಲಿ, ಕೇಳುವ ಧೈರ್ಯ ಬರುತ್ತದೆ.

ಇನ್ನು ನನ್ನ ಕಸುಬಿನ ಲೆಕ್ಕ. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. "ಸದ್ಯಕ್ಕೆ ಚಿಂತೆಯಿಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ, ಬಡ್ಡಿ ಸುಮ್ಮನಿರುವುದಿಲ್ಲ. ಸರಳ ಬಡ್ಡಿಯೇ 1,40,000 ಆಗಿ, ಸಾಲ 5,40,000ಕ್ಕೆ ಏರುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,000 ಕಂತು. ಓದುವಾಗಲೇ ಆಗಿಂದಾಗ್ಗೆ ಬಡ್ಡಿ ಕಟ್ಟಿದರೆ ಕಂತು ಸುಮಾರು 6,650ಕ್ಕೆ ನಿಲ್ಲುತ್ತದೆ. ಸಂಬಳ 18,000 ಬರುವ ಹುಡುಗಿಗೆ 9,000 ಎಂದರೆ ಅರ್ಧ ಸಂಬಳ! ಹಾಸ್ಟೆಲ್ ಬಾಡಿಗೆ, ಊಟಕ್ಕೆ ಉಳಿಯುವುದೇನು? ಪಿಂಚಣಿ ಬರುವ ಅಜ್ಜ ಅಜ್ಜಿಯರೇ, ಮೊಮ್ಮಗಳಿಗೆ ಏನಾದರೂ ಉಡುಗೊರೆ ಕೊಡಬೇಕೆನಿಸಿದರೆ ಆ ಬಡ್ಡಿ ಕಟ್ಟಿ.

ವಿದೇಶದ ಆಸೆ ಹಲವರಿಗೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಅಲ್ಲಿನ ನರ್ಸಿಂಗ್ ಕೌನ್ಸಿಲಿನ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ ಬೇಕು. ಸಂಬಳ ದೊಡ್ಡದು, ಅಲ್ಲಿಯ ಬಾಡಿಗೆಯೂ ದೊಡ್ಡದು. ಲಕ್ಷಗಟ್ಟಲೆ ಕೇಳುವ ಏಜೆಂಟರಿಂದ ದೂರವಿರಿ. ಬ್ರಿಟನ್ನಿನ ನೇಮಕಾತಿ ನಿಯಮದಂತೆ ಕೆಲಸ ಕೊಡಿಸಲು ನರ್ಸ್‌ಗಳಿಂದ ಶುಲ್ಕ ಪಡೆಯುವಂತೆಯೇ ಇಲ್ಲ.

ಕೊನೆಗೊಂದು ಮಾತು. ಕೆಲವು ಕಡೆ ಕೆಲಸಕ್ಕೆ ಸೇರುವಾಗ ಬಾಂಡ್‌ಗೆ ಸಹಿ ಹಾಕಿಸಿ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆ. ಹೆಚ್ಚು ಸಂಬಳದ ಕೆಲಸ ಸಿಕ್ಕರೂ ಆಗ ಮಗು ಹೊರಡಲಾಗದು. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ನೇಮಕಾತಿ ಪತ್ರದಲ್ಲಿ ಸಂಬಳ, ಪಿಎಫ್, ರಾತ್ರಿ ಪಾಳಿ, ರಜೆ ಬರೆದಿದೆಯೇ ಎಂದು ಮನೆಮಂದಿ ಕೂತು ಓದಿ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದುವ ಪುರುಸೊತ್ತು ನಮ್ಮಂಥ ಹಿರಿಯರಿಗೆ ಇದ್ದೇ ಇದೆ.